ವೌಚರ್, ಶಿಕ್ಷಣ ಖಾತೆ, ತೆರಿಗೆ ಕ್ರೆಡಿಟ್: ಖಾಸಗಿ ಶಾಲೆಗೂ ಮನೆಪಾಠಕ್ಕೂ ಅಮೆರಿಕದ ರಾಜ್ಯಗಳು ಕೊಡುವ ಹಣದಲ್ಲಿ ಯಾವುದು ಯಾರಿಗೆ?

ಅಮೆರಿಕದಲ್ಲಿ ಮಗುವನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಖಾಸಗಿ ಶಾಲೆಗೆ ಸೇರಿಸಬೇಕೆಂದೋ ಮನೆಯಲ್ಲೇ ಓದಿಸಬೇಕೆಂದೋ ಯೋಚಿಸುವ ತಂದೆತಾಯಂದಿರ ಮುಂದೆ, ಯಾವ ಶಾಲೆ, ಯಾವ ಪಠ್ಯ ಎಂಬ ಪ್ರಶ್ನೆಗಳ ಜೊತೆಗೆ ಈಗ ಇನ್ನೊಂದು ಪ್ರಶ್ನೆಯೂ ಬಂದು ನಿಂತಿದೆ. ಆ ಖರ್ಚಿನ ಒಂದು ಪಾಲನ್ನು ರಾಜ್ಯ ಸರ್ಕಾರವೇ ಕೊಡಲು ಸಿದ್ಧವಿರುವಾಗ ಅದನ್ನು ತೆಗೆದುಕೊಳ್ಳಬೇಕೇ, ತೆಗೆದುಕೊಳ್ಳುವುದಾದರೆ ಯಾವ ದಾರಿಯಲ್ಲಿ? 2022ರಲ್ಲಿ ಅರಿಜೋನ ತನ್ನ ಯೋಜನೆಯನ್ನು ಆದಾಯದ ಮಿತಿಯಿಲ್ಲದೆ ಎಲ್ಲ ಮಕ್ಕಳಿಗೂ ತೆರೆದ ಮೇಲೆ ಫ್ಲೋರಿಡಾ, ಅಯೋವಾ, ಅರ್ಕಾನ್ಸಾ, ಯೂಟಾ, ಒಕ್ಲಹೋಮಾ, ಟೆಕ್ಸಸ್ ಮುಂತಾದ ರಾಜ್ಯಗಳು ಒಂದರ ಹಿಂದೊಂದು ಇಂಥದೇ ಕಾನೂನು ಮಾಡಿದವು. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಈ ಬಗೆಯ ಯೋಜನೆಯೇ ಇಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1993ರಲ್ಲಿ ಒಮ್ಮೆ, 2000ದಲ್ಲಿ ಇನ್ನೊಮ್ಮೆ ವೌಚರ್ ಪ್ರಸ್ತಾವವನ್ನು, ಅಂದರೆ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರವೇ ಹಣ ಕೊಡುವ ಪ್ರಸ್ತಾವವನ್ನು, ತಿರಸ್ಕರಿಸಿದ್ದಾರೆ. ಹೀಗಾಗಿ ಸಿಗುವ ಆಯ್ಕೆಗಳೆಷ್ಟು ಎಂಬುದನ್ನು ಮೊದಲು ನಿರ್ಧರಿಸುವುದು ಮನೆಯ ವಿಳಾಸ.

ಯೋಜನೆ ಇರುವ ರಾಜ್ಯದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ವರ್ಷಕ್ಕೆ ಎಷ್ಟು ಡಾಲರ್ ಸಿಗುತ್ತದೆ ಎಂದು. ನನ್ನ ಅಭಿಪ್ರಾಯದಲ್ಲಿ ಅದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಹಣ ಯಾರ ಕೈಗೆ, ಯಾವಾಗ ಬರುತ್ತದೆ ಎಂಬುದು ಮೊದಲನೆಯದು. ಹಣ ತೆಗೆದುಕೊಂಡ ದಿನದಿಂದ ಕಾನೂನಿನ ಕಣ್ಣಿನಲ್ಲಿ ಮಗು ಏನಾಗುತ್ತದೆ, ಯಾವ ಹಕ್ಕನ್ನು ಬಿಟ್ಟುಕೊಡುತ್ತದೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ, ಎಂಟು ಸಾವಿರ ಡಾಲರಿನ ಯೋಜನೆಗಿಂತ ಒಂದು ಸಾವಿರದ ಯೋಜನೆಯೇ ವಾಸಿ ಎಂಬ ತೀರ್ಮಾನಕ್ಕೆ ಕೆಲವು ಕುಟುಂಬಗಳು ಬಂದರೂ ಆಶ್ಚರ್ಯವಿಲ್ಲ.

ವೌಚರ್: ಹಣ ನೇರವಾಗಿ ಶಾಲೆಗೆ

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಮುಂದಿಟ್ಟ ಆಲೋಚನೆ ಇದು. ಈಗಿನ ರೂಪದಲ್ಲಿ ಇದು ಮೊದಲು ಜಾರಿಗೆ ಬಂದದ್ದು 1990ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಯೋಜನೆಯ ವಿರುದ್ಧ ಹೂಡಿದ್ದ ದಾವೆಯಲ್ಲಿ 2002ರಲ್ಲಿ ತೀರ್ಪು ಕೊಟ್ಟ ಅಮೆರಿಕದ ಸುಪ್ರೀಂ ಕೋರ್ಟ್, ಧಾರ್ಮಿಕ ಶಾಲೆಗಳಿಗೂ ಈ ಹಣ ಹೋಗಬಹುದು ಎಂದು 5–4ರ ಬಹುಮತದಿಂದ ಒಪ್ಪಿದ ಮೇಲೆ ವೌಚರ್‌ಗೆ ನೆಲೆ ಸಿಕ್ಕಿತು. ಮಗು ಸೇರಿದ ಶಾಲೆಗೆ ರಾಜ್ಯವೇ ಶುಲ್ಕ ಕಟ್ಟುವುದರಿಂದ ಪೋಷಕರ ಕೈಗೆ ಹಣ ಬರುವುದಿಲ್ಲ, ಅವರು ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ. ಮೂರೂ ದಾರಿಗಳಲ್ಲಿ ಕಾಗದಪತ್ರದ ತೊಂದರೆ ಅತಿ ಕಡಿಮೆ ಇರುವುದು ಇಲ್ಲಿ.

ಮೊತ್ತ ಪೂರ್ತಿ ಶುಲ್ಕಕ್ಕೆ ಸಾಲುತ್ತದೆಯೇ ಎಂಬುದು ಆಯಾ ರಾಜ್ಯದ ನಿಯಮವನ್ನು ಅವಲಂಬಿಸಿದೆ. ವಿಸ್ಕಾನ್ಸಿನ್‌ನಲ್ಲಿ ಎಂಟನೇ ತರಗತಿಯವರೆಗೆ ವೌಚರ್ ಪಡೆದ ಮಗುವಿನಿಂದ ಶಾಲೆ ಹೆಚ್ಚುವರಿ ಬೋಧನಾ ಶುಲ್ಕ ಕೇಳುವಂತಿಲ್ಲ. ಅರ್ಜಿಗಳು ಸೀಟುಗಳಿಗಿಂತ ಹೆಚ್ಚಾದರೆ ಚೀಟಿ ಎತ್ತಿ ಆರಿಸಬೇಕು. ಒಹಾಯೊದ ಎಡ್‌ಚಾಯ್ಸ್ ಯೋಜನೆಯಲ್ಲಿ 2023–24ರಲ್ಲಿ ಎಂಟನೇ ತರಗತಿಯವರೆಗೆ 6,165 ಡಾಲರ್, ಪ್ರೌಢಶಾಲೆಗೆ 8,407 ಡಾಲರ್ ಗೊತ್ತುಪಡಿಸಲಾಗಿತ್ತು. ಕುಟುಂಬದ ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ ಎರಡು ಪಟ್ಟನ್ನು ಮೀರದಿದ್ದರೆ ಅಲ್ಲಿಯೂ ಶಾಲೆ ವ್ಯತ್ಯಾಸದ ಹಣ ಕೇಳುವಂತಿಲ್ಲ. ಆದಾಯ ಆ ರೇಖೆಯ ನಾಲ್ಕೂವರೆ ಪಟ್ಟನ್ನು, ಅಂದರೆ ನಾಲ್ವರ ಕುಟುಂಬಕ್ಕೆ 2025ರ ಲೆಕ್ಕದಲ್ಲಿ ಸುಮಾರು 1,45,000 ಡಾಲರನ್ನು ದಾಟಿದ ಮೇಲೆ ವೌಚರ್ ಇಳಿಯುತ್ತ ಹೋಗಿ ಕೊನೆಗೆ ಪೂರ್ಣ ಮೊತ್ತದ ಶೇ. 10ರಷ್ಟಕ್ಕೆ ಬಂದು ನಿಲ್ಲುತ್ತದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗಳು ಈ ಗೆರೆಯನ್ನು ಸುಲಭವಾಗಿ ದಾಟುತ್ತವೆ. ಆದ್ದರಿಂದ ‘ಎಲ್ಲರಿಗೂ ಮುಕ್ತ’ ಎಂಬ ಘೋಷಣೆಯನ್ನು ಕೇಳಿದ ಕೂಡಲೇ, ಎಲ್ಲರಿಗೂ ಒಂದೇ ಮೊತ್ತವೇ ಎಂದು ವಿಚಾರಿಸುವುದು ಒಳ್ಳೆಯದು.

ವೌಚರ್‌ನ ದೊಡ್ಡ ಮಿತಿ ಸೀಟಿನದು. ಹಣ ಮಂಜೂರಾದ ಮಾತ್ರಕ್ಕೆ ಪ್ರವೇಶ ಸಿಕ್ಕಂತಾಗುವುದಿಲ್ಲ. ಮಿಲ್ವಾಕೀಯ ಚೀಟಿ ಪದ್ಧತಿಯನ್ನು ಹೊಸ ಯೋಜನೆಗಳು ಸಾಮಾನ್ಯವಾಗಿ ಅನುಸರಿಸದೆ, ಯಾರನ್ನು ಸೇರಿಸಿಕೊಳ್ಳಬೇಕು ಎಂಬ ನಿರ್ಧಾರವನ್ನು ಶಾಲೆಗೇ ಬಿಟ್ಟಿವೆ. ಮನೆಯಲ್ಲಿ ಓದಿಸುವವರಿಗೆ ವೌಚರ್ ಉಪಯೋಗಕ್ಕೆ ಬರುವುದಿಲ್ಲ. ಅಯೋವಾದ ಯೋಜನೆಗೆ ‘ಖಾತೆ’ ಎಂಬ ಹೆಸರಿದ್ದರೂ ಅದರ ಹಣ ಮಾನ್ಯತೆ ಪಡೆದ ಖಾಸಗಿ ಶಾಲೆಯ ಮಕ್ಕಳಿಗೆ ಮಾತ್ರ ಸಿಗುವುದರಿಂದ, ಹೋಲಿಕೆಯ ಮಟ್ಟಿಗೆ ಅದನ್ನೂ ವೌಚರ್ ಎಂದೇ ಎಣಿಸಬೇಕು.

ಶಿಕ್ಷಣ ಖಾತೆ: ಹಣ ಪೋಷಕರ ಸುಪರ್ದಿಗೆ, ಲೆಕ್ಕವೂ ಅವರ ಮೇಲೆ

ಅರಿಜೋನ 2011ರಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶುರುಮಾಡಿದ ಶಿಕ್ಷಣ ಉಳಿತಾಯ ಖಾತೆ, ಅಂದರೆ ಇಎಸ್‌ಎ, ಈಗಿನ ಹೊಸ ಕಾನೂನುಗಳಲ್ಲಿ ಹೆಚ್ಚಿನವುಗಳ ಮಾದರಿ. ಮಗು ಸರ್ಕಾರಿ ವ್ಯವಸ್ಥೆಯಲ್ಲಿದ್ದರೆ ರಾಜ್ಯ ಅದರ ಮೇಲೆ ಖರ್ಚು ಮಾಡುತ್ತಿದ್ದ ಹಣದ ದೊಡ್ಡ ಪಾಲು, ಅರಿಜೋನದಲ್ಲಿ ಸುಮಾರು ಶೇ. 90, ಮೂರು ತಿಂಗಳಿಗೊಮ್ಮೆ ಒಂದು ಖಾತೆಗೆ ಜಮೆಯಾಗುತ್ತದೆ. ವಿಶೇಷ ಅಗತ್ಯವಿಲ್ಲದ ಮಗುವಿಗೆ ಇದು ವರ್ಷಕ್ಕೆ 7,000 ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಶಾಲಾ ಶುಲ್ಕ, ಪಠ್ಯಪುಸ್ತಕ, ಟ್ಯೂಷನ್ ಶಿಕ್ಷಕರು, ಆನ್‌ಲೈನ್ ತರಗತಿ, ಥೆರಪಿ, ಪರೀಕ್ಷಾ ಶುಲ್ಕ ಇವುಗಳಿಗೆಲ್ಲ ಅದನ್ನು ಬಳಸಬಹುದು. ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತದೆ. ಎಲ್ಲರಿಗೂ ತೆರೆಯುವ ಮುನ್ನ ಅಲ್ಲಿ ಸುಮಾರು 12,000 ಮಕ್ಕಳಿದ್ದ ಈ ಯೋಜನೆಯಲ್ಲಿ ಎರಡೇ ವರ್ಷಗಳಲ್ಲಿ 70,000ಕ್ಕೂ ಹೆಚ್ಚು ಮಕ್ಕಳು ಸೇರಿದರು.

ಖಾತೆಯ ಸ್ವಾತಂತ್ರ್ಯಕ್ಕೆ ತಕ್ಕಷ್ಟು ಕೆಲಸವೂ ಪೋಷಕರಿಗೆ ಅಂಟಿಕೊಳ್ಳುತ್ತದೆ. ಪ್ರತಿಯೊಂದು ಖರೀದಿಗೂ ಬಿಲ್ ಬೇಕು. ಅನುಮೋದಿತ ಮಾರಾಟಗಾರರಿಂದ ಕೊಂಡರೆ ಹಣ ನೇರವಾಗಿ ಹೋಗುತ್ತದೆ, ಹೊರಗೆ ಕೊಂಡರೆ ಮೊದಲು ಕೈಯಿಂದ ಕೊಟ್ಟು ಮರುಪಾವತಿಗೆ ಕಾಯಬೇಕು. ಕೆಲವು ಕುಟುಂಬಗಳು ಆಟಿಕೆ, ಪಿಯಾನೊ, ಸ್ಕೀ ಪಾಸ್‌ಗಳಿಗೆ ಈ ಹಣ ಬಳಸಿದ್ದು ಸುದ್ದಿಯಾದ ಮೇಲೆ ತಪಾಸಣೆ ಬಿಗಿಯಾಗುತ್ತ ಬಂದಿತು. ಪಠ್ಯಕ್ಕೆ ಪೂರಕವಾದ ಸಾಮಗ್ರಿ ಕೊಂಡರೆ ಅದು ಯಾವ ಪಠ್ಯಕ್ರಮದ ಭಾಗ ಎಂದು ತೋರಿಸಬೇಕು ಎಂಬ ನಿಲುವನ್ನು 2024ರಲ್ಲಿ ಅರಿಜೋನದ ಅಟಾರ್ನಿ ಜನರಲ್ ಕಚೇರಿ ತೆಗೆದುಕೊಂಡ ಮೇಲಂತೂ, ಪೆನ್ಸಿಲ್ ಕೊಳ್ಳುವುದಕ್ಕೂ ಪಠ್ಯಕ್ರಮದ ಪ್ರತಿ ಬೇಕೇ ಎಂದು ಪೋಷಕರು ಸಿಡಿಮಿಡಿಗೊಂಡರು. ಅವರ ಸಿಟ್ಟು ಅರ್ಥವಾಗುವಂಥದೇ. ಆದರೂ ತೆರಿಗೆದಾರರ ಹಣಕ್ಕೆ ಲೆಕ್ಕ ಕೇಳುವುದು ಕಿರುಕುಳವಾಗದು ಎಂದೇ ನಾನು ತಿಳಿಯುತ್ತೇನೆ. ಲೆಕ್ಕ ಇಡುವ ಅಭ್ಯಾಸವೂ ಪುರುಸೊತ್ತೂ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ ಖಾತೆಯ ದಾರಿ ಬಳಲಿಸುತ್ತದೆ.

ಮನೆಯಲ್ಲಿ ಓದಿಸುವವರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅರಿಜೋನ, ನ್ಯೂಹ್ಯಾಂಪ್‌ಶೈರ್‌ಗಳಲ್ಲಿ ಖಾತೆಯ ಹಣ ಪಡೆಯುವ ಮಗು ಮನೆಯಲ್ಲೇ ಓದುತ್ತಿದ್ದರೂ ಕಾನೂನಿನ ಪ್ರಕಾರ ‘ಹೋಮ್‌ಸ್ಕೂಲ್’ ವಿದ್ಯಾರ್ಥಿ ಅಲ್ಲ. ಹೋಮ್‌ಸ್ಕೂಲ್ ನೋಂದಣಿಯನ್ನು ಕೈಬಿಟ್ಟು ಖಾತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಫ್ಲೋರಿಡಾದಲ್ಲಿ ಇಂಥ ಮಕ್ಕಳಿಗೆ ವೈಯಕ್ತಿಕ ಶಿಕ್ಷಣ ಕಾರ್ಯಕ್ರಮ ಎಂಬ ಬೇರೆಯೇ ವರ್ಗವಿದೆ. ಅದರಲ್ಲಿ ಕಲಿಕೆಯ ಯೋಜನೆಯನ್ನು ಬರೆದು ಕೊಡಬೇಕು, ವರ್ಷಕ್ಕೊಮ್ಮೆ ರಾಷ್ಟ್ರಮಟ್ಟದ ಮಾನದಂಡದ ಪರೀಕ್ಷೆ ಬರೆಸಬೇಕು. ವೆಸ್ಟ್ ವರ್ಜೀನಿಯಾದ ಹೋಪ್ ಸ್ಕಾಲರ್‌ಶಿಪ್‌ನಲ್ಲೂ ಹೋಮ್‌ಸ್ಕೂಲ್‌ನಿಂದ ಬೇರೆಯಾದ ವರ್ಗವೊಂದಿದ್ದು, ಪರೀಕ್ಷೆ ಅಥವಾ ಮಗುವಿನ ಕೆಲಸದ ಕಡತದ ಮೌಲ್ಯಮಾಪನ ಕಡ್ಡಾಯ. ಪರೀಕ್ಷೆಯ ಅಂಕಪಟ್ಟಿ ಹೇಗಿದ್ದರೂ ಬೇಕು ಎನ್ನುವವರಿಗೆ ಇದು ಹೊರೆಯಲ್ಲ. ಸರ್ಕಾರದ ಕಣ್ಣಿನಿಂದ ದೂರವಿದ್ದು ತಮ್ಮದೇ ಗತಿಯಲ್ಲಿ, ತಮ್ಮದೇ ನಂಬಿಕೆಯಂತೆ ಓದಿಸಬೇಕು ಎಂಬ ಕಾರಣಕ್ಕೇ ಮನೆಪಾಠವನ್ನು ಆರಿಸಿಕೊಂಡವರು ಮಾತ್ರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಹಣದ ಬೆನ್ನಿಗೇ ನಿಯಮವೂ ಬರುತ್ತದೆ ಎಂದು ಹೋಮ್‌ಸ್ಕೂಲ್ ಲೀಗಲ್ ಡಿಫೆನ್ಸ್ ಅಸೋಸಿಯೇಷನ್‌ನಂಥ ಸಂಘಟನೆಗಳು ಎಚ್ಚರಿಸುತ್ತ ಬಂದಿರುವುದು ಸುಮ್ಮನೆ ಅಲ್ಲ.

ಮೊತ್ತದಲ್ಲಿಯೂ ರಾಜ್ಯಗಳು ಖಾಸಗಿ ಶಾಲೆಯ ಮಗುವನ್ನೂ ಮನೆಯಲ್ಲಿ ಓದುವ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 2025ರ ಮೇ ತಿಂಗಳಲ್ಲಿ ಸಹಿಯಾಗಿ 2026–27ರ ಶಾಲಾ ವರ್ಷಕ್ಕೆ ಜಾರಿಯಾಗುವ ಟೆಕ್ಸಸ್ ಕಾನೂನು ಖಾಸಗಿ ಶಾಲೆಯ ಮಗುವಿಗೆ 10,000 ಡಾಲರ್‌ಗಿಂತ ಸ್ವಲ್ಪ ಹೆಚ್ಚು, ವಿಶೇಷ ಅಗತ್ಯವುಳ್ಳ ಮಗುವಿಗೆ 30,000 ಡಾಲರ್‌ವರೆಗೆ ಕೊಟ್ಟರೆ, ಮನೆಯಲ್ಲಿ ಓದುವ ಮಗುವಿಗೆ ಕೊಡುವುದು ಹೆಚ್ಚೆಂದರೆ 2,000 ಡಾಲರ್. ಯೂಟಾ ಮೊದಲು ಎಲ್ಲರಿಗೂ 8,000 ಡಾಲರ್ ಕೊಡುತ್ತಿತ್ತು. 2025ರ ತಿದ್ದುಪಡಿಯಲ್ಲಿ ಮನೆಯಲ್ಲಿ ಓದುವ ಮಕ್ಕಳ ಪಾಲನ್ನು 11 ವರ್ಷದವರೆಗೆ 4,000ಕ್ಕೂ ಅದರಿಂದಾಚೆ 6,000ಕ್ಕೂ ಇಳಿಸಿ, ಕ್ರೀಡೆಗೂ ಪಠ್ಯೇತರ ಚಟುವಟಿಕೆಗೂ ಮಿತಿ ಹಾಕಿತು. ಟೆಕ್ಸಸ್‌ನಲ್ಲಿ ಮಗು ಅಮೆರಿಕದ ಪ್ರಜೆಯಾಗಿರಬೇಕು ಇಲ್ಲವೇ ಕಾನೂನುಬದ್ಧವಾಗಿ ದೇಶ ಪ್ರವೇಶಿಸಿರಬೇಕು ಎಂಬ ಷರತ್ತೂ ಇರುವುದರಿಂದ, ವೀಸಾ ಮೇಲಿರುವ ಕುಟುಂಬಗಳು ಮಗುವಿನ ದಾಖಲೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕು.

ಅಲ್ಲಿ ಮನೆಯಲ್ಲಿ ಓದಿಸುವವರ ಲೆಕ್ಕಾಚಾರ ಕುತೂಹಲಕಾರಿ. ಟೆಕ್ಸಸ್‌ನಲ್ಲಿ ಹೋಮ್‌ಸ್ಕೂಲಿಂಗ್‌ಗೆ ಸರ್ಕಾರದ ಹಿಡಿತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 2,000 ಡಾಲರ್‌ಗಾಗಿ ಆ ರಾಜ್ಯದ ಕಡತದೊಳಗೆ ಹೋಗಬೇಕೇ ಎಂಬುದು ಅಲ್ಲಿನವರ ಪ್ರಶ್ನೆ. ಗಣಿತಕ್ಕೋ ವಿಜ್ಞಾನಕ್ಕೋ ಹೊರಗಿನ ಶಿಕ್ಷಕರಿಗೆ ಈಗಾಗಲೇ ಹಣ ಕೊಡುತ್ತಿರುವ ಮನೆಗೆ ಅದು ಉಪಯುಕ್ತ ನೆರವು. ಗ್ರಂಥಾಲಯದ ಪುಸ್ತಕ, ಉಚಿತ ಪಾಠಗಳಿಂದಲೇ ನಡೆಸಿಕೊಂಡು ಹೋಗುತ್ತಿರುವವರಿಗೆ ಹಣಕ್ಕಿಂತ ತಲೆಬಿಸಿಯೇ ಹೆಚ್ಚಾಗಬಹುದು.

ತೆರಿಗೆ ಕ್ರೆಡಿಟ್: ಮೊದಲು ಖರ್ಚು, ಆಮೇಲೆ ಹಣ

ಮಗುವಿನ ಓದಿಗೆ ಮಾಡಿದ ಖರ್ಚಿನ ಒಂದು ಪಾಲನ್ನು ತೆರಿಗೆಯ ಲೆಕ್ಕದಲ್ಲಿ ಬಿಟ್ಟುಕೊಡುವುದು ತೆರಿಗೆ ಕ್ರೆಡಿಟ್. ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ನೋಡಲೇಬೇಕು. ಕೆಲವು ಕ್ರೆಡಿಟ್‌ಗಳು ಕಟ್ಟಬೇಕಾದ ತೆರಿಗೆಯಲ್ಲಿ ಮಾತ್ರ ಕಡಿತವಾಗುತ್ತವೆ. ತೆರಿಗೆಯೇ ಇಲ್ಲದ ಕಡಿಮೆ ಆದಾಯದವರಿಗೆ ಅವುಗಳಿಂದ ಲಾಭವಿಲ್ಲ. ಮನೆಯಲ್ಲಿ ಓದಿಸುವವರಿಗೆ ಒಹಾಯೊ ಕೊಡುವ 250 ಡಾಲರಿನ ಕ್ರೆಡಿಟ್ ಈ ಬಗೆಯದು. ಇನ್ನು ಕೆಲವು, ತೆರಿಗೆ ಬಾಕಿಗಿಂತ ಹೆಚ್ಚಾದರೂ ಉಳಿದ ಹಣವಾಗಿ ಕೈಗೆ ಬರುತ್ತವೆ. ಒಕ್ಲಹೋಮಾದ ಕ್ರೆಡಿಟ್ ಹಾಗೆ ಮರಳಿ ಬರುವಂಥದು: ಖಾಸಗಿ ಶಾಲೆಯ ಮಗುವಿಗೆ ಕುಟುಂಬದ ಆದಾಯಕ್ಕೆ ತಕ್ಕಂತೆ 5,000ದಿಂದ 7,500 ಡಾಲರ್‌ವರೆಗೆ, ಮನೆಯಲ್ಲಿ ಓದುವ ಮಗುವಿಗೆ 1,000 ಡಾಲರ್‌ವರೆಗೆ. ಆದಾಯ 2,50,000 ಡಾಲರನ್ನು ದಾಟಿದ ಕುಟುಂಬಕ್ಕೂ ಅಲ್ಲಿ 5,000 ಸಿಗುತ್ತದೆ ಎಂಬುದನ್ನು ಒಹಾಯೊದ ಇಳಿಮುಖ ವೌಚರ್‌ನ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಸಂಬಳದ ಮನೆಗೆ ರಾಜ್ಯದಿಂದ ರಾಜ್ಯಕ್ಕೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಗೊತ್ತಾಗುತ್ತದೆ. ಅಲಬಾಮಾದಲ್ಲಿ ಖಾಸಗಿ ಶಾಲೆಗೆ 7,000 ಡಾಲರ್, ಮನೆಪಾಠಕ್ಕೆ ಮಗುವಿಗೆ 2,000ದಂತೆ ಕುಟುಂಬಕ್ಕೆ ಹೆಚ್ಚೆಂದರೆ 4,000 ಡಾಲರ್ ಕೊಡುತ್ತಾರೆ. ಕಾನೂನು ಅದನ್ನು ತೆರಿಗೆ ಕ್ರೆಡಿಟ್ ಎಂದೇ ಕರೆದರೂ ಹಣ ಬಳಕೆಯಾಗುವುದು ಖಾತೆಯ ಮೂಲಕ.

ಮನೆಯಲ್ಲಿ ಓದಿಸುವವರಿಗೆ ಚಿಕ್ಕ ತೆರಿಗೆ ಕ್ರೆಡಿಟ್ಟೇ ಅನೇಕ ವೇಳೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನಿಸಿಕೆ. ಪುಸ್ತಕ, ಪಾಠ, ಸಲಕರಣೆಗಳ ರಶೀದಿಯನ್ನು ತೆಗೆದಿಟ್ಟು ತೆರಿಗೆ ವಿವರದೊಡನೆ ಲೆಕ್ಕ ತೋರಿಸಿದರೆ ಕೆಲಸ ಮುಗಿಯುತ್ತದೆ. ಮಗುವಿನ ಕಾನೂನುಬದ್ಧ ಸ್ಥಾನ ಬದಲಾಗುವುದಿಲ್ಲ. ಖರ್ಚನ್ನು ಮೊದಲು ತಾವೇ ಮಾಡಿ ತಿಂಗಳುಗಟ್ಟಲೆ ಕಾಯುವ ಶಕ್ತಿ ಇರಬೇಕು ಎಂಬುದು ಇದರ ತೊಡಕು. ಕೈಯಲ್ಲಿ ಹಣವಿಲ್ಲದವರಿಗೆ ಆಗಸ್ಟ್‌ನಲ್ಲಿ ಕಟ್ಟಬೇಕಾದ ಶುಲ್ಕಕ್ಕೆ ಮುಂದಿನ ಏಪ್ರಿಲ್‌ನಲ್ಲಿ ಬರುವ ಹಣ ಆಸರೆಯಾಗದು.

ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಮಾಡಿದ ಕಾನೂನಿನ 1,700 ಡಾಲರಿನ ಕ್ರೆಡಿಟ್ ಬಗ್ಗೆ ಸಾಕಷ್ಟು ಗೊಂದಲವಿದೆ. ಆ ಕ್ರೆಡಿಟ್ ಸಿಗುವುದು ವಿದ್ಯಾರ್ಥಿವೇತನ ನೀಡುವ ಸಂಸ್ಥೆಗಳಿಗೆ ದೇಣಿಗೆ ಕೊಟ್ಟವರಿಗೆ; ಪೋಷಕರಿಗೆ ಅಲ್ಲ. 2027ರ ಜನವರಿ 1ರಿಂದ ಜಾರಿಗೆ ಬರುವ ಈ ವ್ಯವಸ್ಥೆಗೆ ರಾಜ್ಯ ಒಪ್ಪಿಗೆ ಕೊಟ್ಟಿರಬೇಕು, ವಿದ್ಯಾರ್ಥಿವೇತನ ಪಡೆಯುವ ಕುಟುಂಬದ ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಮೂರು ಪಟ್ಟನ್ನು ಮೀರಿರಬಾರದು, ದೇಣಿಗೆ ಇಂಥ ಮಗುವಿಗೇ ಹೋಗಬೇಕು ಎಂದು ದಾನಿ ಹೇಳುವಂತಿಲ್ಲ. ಇದಕ್ಕಿಂತ ಕೈಗೆ ಹತ್ತಿರದ್ದು 529 ಎಂಬ ಉಳಿತಾಯ ಯೋಜನೆ: ಅದರ ಹಣವನ್ನು ಶಾಲಾ ಶುಲ್ಕಕ್ಕೆ ಮಾತ್ರವಲ್ಲದೆ ಪಠ್ಯಸಾಮಗ್ರಿ, ಟ್ಯೂಷನ್ ಶಿಕ್ಷಕರ ಖರ್ಚಿಗೂ ಬಳಸಲು ಅದೇ ಕಾನೂನು ಅವಕಾಶ ಕೊಟ್ಟು, ವಾರ್ಷಿಕ ಮಿತಿಯನ್ನು 2026ರಿಂದ 10,000ದಿಂದ 20,000 ಡಾಲರ್‌ಗೆ ಏರಿಸಿದೆ. ಉಳಿತಾಯ ನಮ್ಮದೇ ಆದ್ದರಿಂದ ಇದನ್ನು ಸರ್ಕಾರದ ಹಣ ಎನ್ನಲಾಗದು. ಸರ್ಕಾರ ಬಿಟ್ಟುಕೊಡುವುದು ಅದರ ಬೆಳವಣಿಗೆಯ ಮೇಲಿನ ತೆರಿಗೆಯನ್ನು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಶಾಲಾ ಹಂತದ ಈ ಬಳಕೆಗೆ ತಮ್ಮ ರಾಜ್ಯ ತೆರಿಗೆಯಲ್ಲಿ ರಿಯಾಯಿತಿ ಕೊಡುವುದಿಲ್ಲ.

ಯೋಜನೆಯೇ ಇಲ್ಲದ ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಓದಿಸುವವರಿಗೆ ಉಳಿದಿರುವ ದಾರಿ ಚಾರ್ಟರ್ ಶಾಲೆಗಳ, ಅಂದರೆ ಸರ್ಕಾರದ ಹಣದಿಂದ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆಗಳ, ಸ್ವತಂತ್ರ ಅಧ್ಯಯನ. ಮಗು ಮನೆಯಲ್ಲೇ ಇರುತ್ತದೆ, ಪಠ್ಯಸಾಮಗ್ರಿ, ತರಗತಿಗಳ ಖರ್ಚಿಗೆ ಶಾಲೆ ಒಂದಿಷ್ಟು ಹಣ ಮೀಸಲಿಡುತ್ತದೆ, ಶಾಲೆಯ ಶಿಕ್ಷಕರೊಬ್ಬರು ಮೇಲ್ವಿಚಾರಣೆ ಮಾಡುತ್ತಾರೆ. ಮಗು ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ವಿದ್ಯಾರ್ಥಿಯಾಗಿಯೇ ಇರುವುದರಿಂದ ಧಾರ್ಮಿಕ ಪಠ್ಯಕ್ಕೆ ಈ ಹಣ ಸಿಗದು.

ವಿಶೇಷ ಅಗತ್ಯವುಳ್ಳ ಮಗು ಇದ್ದರೆ

ಅತಿ ಹೆಚ್ಚು ಮೊತ್ತ ಸಿಗುವುದು ಇಂಥ ಮಕ್ಕಳಿಗೆ, ಅತಿ ಹೆಚ್ಚು ಕಳೆದುಕೊಳ್ಳುವ ಸಾಧ್ಯತೆ ಇರುವುದೂ ಇಂಥ ಮಕ್ಕಳಿಗೇ. ಅಂಗವಿಕಲ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನು ಸರ್ಕಾರಿ ಶಾಲೆಯಲ್ಲಿರುವ ಮಗುವಿಗೆ ಉಚಿತವಾದ, ಅದರ ಅಗತ್ಯಕ್ಕೆ ತಕ್ಕ ಶಿಕ್ಷಣವನ್ನು ಹಕ್ಕಾಗಿ ಕೊಡುತ್ತದೆ: ಮಗುವಿಗೆಂದೇ ಬರೆದ ಕಲಿಕಾ ಯೋಜನೆ, ಅದರಲ್ಲಿ ಹೇಳಿದ ಥೆರಪಿಗಳು, ಕೊಡದಿದ್ದರೆ ಪ್ರಶ್ನಿಸುವ ವಿಚಾರಣಾ ವ್ಯವಸ್ಥೆ. ಪೋಷಕರು ತಾವಾಗಿ ಮಗುವನ್ನು ಖಾಸಗಿ ಶಾಲೆಗೆ ಸೇರಿಸಿದರೆ ಈ ವೈಯಕ್ತಿಕ ಹಕ್ಕು ಉಳಿಯುವುದಿಲ್ಲ. ಅರಿಜೋನದ ಒಪ್ಪಂದದಲ್ಲಂತೂ ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯನ್ನು ಮಗುವಿನ ಶಿಕ್ಷಣದ ಹೊಣೆಯಿಂದ ಬಿಡುಗಡೆ ಮಾಡುತ್ತೇವೆ ಎಂದೇ ಪೋಷಕರು ಸಹಿ ಹಾಕುತ್ತಾರೆ. ವಾರಕ್ಕೆ ಹಲವು ಗಂಟೆ ವಾಕ್‌ಚಿಕಿತ್ಸೆ, ಜೊತೆಗೊಬ್ಬ ಸಹಾಯಕ, ವಿಶೇಷ ವಾಹನ ಪಡೆಯುತ್ತಿರುವ ಮಗುವಿಗೆ ಇವನ್ನೆಲ್ಲ ಮಾರುಕಟ್ಟೆಯಲ್ಲಿ ಕೊಂಡರೆ ಎಷ್ಟಾಗುತ್ತದೆ ಎಂದು ಪಟ್ಟಿ ಮಾಡಿ, ಆಮೇಲೆ ಖಾತೆಯ ಮೊತ್ತವನ್ನು ಅದರೆದುರು ಇಡಬೇಕು. ಸರ್ಕಾರಿ ಶಾಲೆ ನಿಜಕ್ಕೂ ಕೈಬಿಟ್ಟಿರುವ ಮಗುವಿಗೆ ಖಾತೆ ದೊಡ್ಡ ಆಸರೆಯಾಗುತ್ತದೆ. ಸೇವೆ ತಕ್ಕಮಟ್ಟಿಗೆ ಸಿಗುತ್ತಿರುವ ಮಗುವನ್ನು ಮೊತ್ತ ನೋಡಿ ಬಿಡಿಸುವುದು ದುಡುಕು.

ಓದಿನ ಫಲ, ಯೋಜನೆಯ ಬಾಳಿಕೆ

ಸರ್ಕಾರದ ಹಣದಿಂದ ಖಾಸಗಿ ಶಾಲೆಗೆ ಹೋದ ಮಕ್ಕಳು ಹೆಚ್ಚು ಕಲಿಯುತ್ತಾರೆಯೇ ಎಂಬ ಪ್ರಶ್ನೆಗೆ ಸಂಶೋಧನೆಯ ಉತ್ತರ ಒಂದೇ ಬಗೆಯದಲ್ಲ. ಲೂಸಿಯಾನದ ವೌಚರ್ ಮಕ್ಕಳ ಗಣಿತದ ಅಂಕಗಳು ಗಣನೀಯವಾಗಿ ಕುಸಿದವು. ಇಂಡಿಯಾನದಲ್ಲೂ ಗಣಿತದಲ್ಲಿ ಹಿನ್ನಡೆ ಕಂಡುಬಂದಿತು. ವಾಷಿಂಗ್ಟನ್ ಡಿ.ಸಿ.ಯ ಮೊದಲ ಮೌಲ್ಯಮಾಪನದಲ್ಲಿ ಮಾತ್ರ ಪ್ರೌಢಶಾಲೆ ಮುಗಿಸಿದವರ ಪ್ರಮಾಣ ವೌಚರ್‌ಗೆ ಆಯ್ಕೆಯಾದವರಲ್ಲಿ ಶೇ. 82, ಆಯ್ಕೆಯಾಗದವರಲ್ಲಿ ಶೇ. 70 ಇತ್ತು. ಆದ್ದರಿಂದ ಯೋಜನೆಯ ಹೆಸರನ್ನು ನಂಬದೆ, ಸೇರಿಸಲಿರುವ ಆ ಒಂದು ಶಾಲೆಯ ಶಿಕ್ಷಕರನ್ನೂ ತರಗತಿಯನ್ನೂ ಕಣ್ಣಾರೆ ನೋಡಿ ಬರಬೇಕು.

ಯೋಜನೆ ಮುಂದಿನ ವರ್ಷವೂ ಇರುತ್ತದೆ ಎಂದು ಭಾವಿಸುವಂತೆಯೂ ಇಲ್ಲ. ದಕ್ಷಿಣ ಕ್ಯಾರೊಲಿನಾದ ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ, ಅಂದರೆ ಶಾಲೆಗಳು ಶುರುವಾದ ಮೇಲೆ, ಖಾತೆಯ ಹಣದಿಂದ ಖಾಸಗಿ ಶಾಲಾ ಶುಲ್ಕ ಕಟ್ಟುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಮಕ್ಕಳನ್ನು ಆಗಲೇ ಸೇರಿಸಿದ್ದ ಕುಟುಂಬಗಳು ಕಂಗಾಲಾದವು. ಶಾಸನಸಭೆ ಮರುವರ್ಷ ಹೊಸ ಕಾನೂನು ತಂದಿತು. ಯೂಟಾ, ಒಹಾಯೊಗಳ ಯೋಜನೆಗಳನ್ನು 2025ರಲ್ಲಿ ಕೆಳ ನ್ಯಾಯಾಲಯಗಳು ಅಸಾಂವಿಧಾನಿಕ ಎಂದರೂ ಮೇಲ್ಮನವಿಯ ಅವಧಿಯಲ್ಲಿ ಅವು ಮುಂದುವರಿದವು. ನೆಬ್ರಾಸ್ಕದ ಮತದಾರರು 2024ರ ನವೆಂಬರಿನಲ್ಲಿ ತಮ್ಮ ರಾಜ್ಯದ ಯೋಜನೆಯನ್ನು ರದ್ದುಪಡಿಸಿದರು. ಇಲಿನಾಯ್‌ನ ವಿದ್ಯಾರ್ಥಿವೇತನ ಯೋಜನೆ 2023ರ ಕೊನೆಗೆ ಅವಧಿ ಮುಗಿದು ನಿಂತುಹೋಯಿತು. ಸರ್ಕಾರದ ಪಾಲು ಅರ್ಧದಾರಿಯಲ್ಲಿ ನಿಂತರೆ ಆ ವರ್ಷದ ಶುಲ್ಕವನ್ನಾದರೂ ಕೈಯಿಂದ ಕಟ್ಟಬಲ್ಲೆವೇ ಎಂಬುದಕ್ಕೆ ಹೌದು ಎನ್ನಲಾಗದ ಕುಟುಂಬ, ಶುಲ್ಕ ಹೆಚ್ಚಿರುವ ಶಾಲೆಯನ್ನು ಆರಿಸಿಕೊಳ್ಳದಿರುವುದೇ ಲೇಸು.

ಇನ್ನು ಕೆಲಸದ ಕ್ರಮ. ಶಾಲೆಯ ಸೀಟು ಖಚಿತವಾಗದೆ ಸರ್ಕಾರಿ ಶಾಲೆಯಿಂದ ಹೆಸರು ತೆಗೆಸಬಾರದು. ಕೆಲವು ಯೋಜನೆಗಳಿಗೆ ಒಟ್ಟು ಹಣದ ಮಿತಿ ಇರುವುದರಿಂದ ಅರ್ಜಿಯನ್ನು ಕೊನೆಯ ದಿನದವರೆಗೆ ತಳ್ಳುವಂತಿಲ್ಲ. ಟೆಕ್ಸಸ್‌ನ ಮೊದಲ ಕಂತಿಗೆ ಮೀಸಲಿಟ್ಟದ್ದು 100 ಕೋಟಿ ಡಾಲರ್, ಅರ್ಜಿಗಳು ಹೆಚ್ಚಾದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಕಡಿಮೆ ಆದಾಯದವರಿಗೂ ಅಲ್ಲಿ ಆದ್ಯತೆ. ಶಾಲೆ ಆ ರಾಜ್ಯದ ಯೋಜನೆಯಲ್ಲಿ ನೋಂದಾಯಿಸಿಕೊಂಡಿದೆಯೇ ಎಂಬುದನ್ನು ಶಾಲೆಯ ಬಾಯಿಮಾತಿನಿಂದ ತಿಳಿಯುವುದಕ್ಕಿಂತ ರಾಜ್ಯದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಶುಲ್ಕವನ್ನು ವಿಚಾರಿಸುವಾಗ ನೋಂದಣಿ, ಸಮವಸ್ತ್ರ, ಪುಸ್ತಕ, ವಾಹನ, ಊಟ ಎಲ್ಲವನ್ನೂ ಸೇರಿಸಿ ಬರಹದಲ್ಲಿ ಕೇಳಬೇಕು. ಹೊಂದಾಣಿಕೆಯಾಗದೆ ನಡುವೆ ಸರ್ಕಾರಿ ಶಾಲೆಗೆ ಮರಳಿದರೆ ಆ ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು. ಆದರೆ ಖಾತೆ ಅಲ್ಲಿಗೆ ಮುಚ್ಚುತ್ತದೆ, ಖಾಸಗಿ ಶಾಲೆಗೆ ಮುಂಗಡ ಕಟ್ಟಿದ ಹಣದಲ್ಲಿ ಎಷ್ಟು, ಯಾರಿಗೆ ಮರಳುತ್ತದೆ ಎಂಬುದು ಪ್ರವೇಶದ ದಿನ ಸಹಿ ಹಾಕಿದ ಶಾಲೆಯ ಕರಾರಿನಲ್ಲಿರುತ್ತದೆ.